ಸ್ಟಿಕ್ಕರ್ ನಂಬಿ ಬ್ಯಾಟರಿ ಸುಟ್ಟುಕೊಳ್ಳಬೇಡಿ!

ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಪಾವಗಡದ ಬಿಸಿಲು 2,050 ಮೆಗಾವಾಟ್ ಸೋಲಾರ್ ಪಾರ್ಕ್ ಆಗಿ ದೇಶಕ್ಕೇ ಹೆಸರು ಮಾಡಿದೆ. ಆದರೆ ಅದೇ ಬಿಸಿಲನ್ನು ನಂಬಿ ಸೂರಿನ ಮೇಲೊಂದು ಪ್ಯಾನಲ್, ಮೂಲೆಯಲ್ಲೊಂದು ಬ್ಯಾಟರಿ ಇಟ್ಟುಕೊಂಡ ನಮ್ಮ ರೈತ, ನಮ್ಮ ಅಂಗಡಿಯವ, ನಮ್ಮ ಮೇಷ್ಟ್ರು ಟೋಪಿ ಹಾಕಿಸಿಕೊಳ್ಳುತ್ತಿರುವುದು ಎಲ್ಲಿ ಗೊತ್ತೇ? ಇವೆರಡರ ನಡುವೆ ಗೋಡೆಗೆ ಅಂಟಿಕೊಂಡಿರುವ ಅಂಗೈಯಗಲದ ಡಬ್ಬಿಯಲ್ಲಿ! ಅದರ ಹೆಸರು ಚಾರ್ಜ್ ಕಂಟ್ರೋಲರ್.

ನಾನೂ ಟೋಪಿ ಹಾಕಿಸಿಕೊಂಡವನೇ. ಪ್ರೆಸ್ಸಿನ ದೀಪ, ಫ್ಯಾನುಗಳಿಗೆಂದು 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಕೊಂಡೆ. ಕಂಟ್ರೋಲರ್ ಮಾತ್ರ 900 ರೂಪಾಯಿಯದು. ಮೇಲೆ ಮಿಂಚುವ ಅಕ್ಷರದಲ್ಲಿ ‘30 ಆಂಪಿಯರ್ ಎಂಪಿಪಿಟಿ’ ಎಂದಿತ್ತು. ಹದಿನೈದು ದಿನಕ್ಕೊಮ್ಮೆ ಬ್ಯಾಟರಿಗೆ ನೀರು ಸುರಿಯಬೇಕಾಯಿತು. ಕೋಣೆಯೆಲ್ಲ ಆಸಿಡ್ ವಾಸನೆ. ಎಂಟು ತಿಂಗಳಿಗೆ ಬ್ಯಾಟರಿ ಗೋವಿಂದ! ಮೀಟರ್ ಹಿಡಿದು ನೋಡಿದರೆ ಡಬ್ಬಿ 15.6 ವೋಲ್ಟ್ ತುಂಬುತ್ತಿತ್ತು. ಅಂಗಡಿಯವನನ್ನು ಕೇಳಿದರೆ, ‘ನಿಮ್ಮ ಬ್ಯಾಟರಿಯೇ ಸರಿ ಇಲ್ಲ ಸಾರ್’ ಅಂದ. ಕೈಯಲ್ಲಿ ಬಿಲ್ ಇರಲಿಲ್ಲ, ಬಾಯಿ ಮುಚ್ಚಿಕೊಂಡು ಬಂದೆ.

ನನಗೆ ಮೊದಲೇ ಬುದ್ಧಿ ಇರಬೇಕಿತ್ತು. ನಾನು ಮುದ್ರಕ. ಸ್ಟಿಕ್ಕರ್ ಮೇಲೆ 30 ಎಂದು ಅಚ್ಚು ಹಾಕಲು ಎಷ್ಟು ಮಸಿ ಬೇಕೋ 60 ಎಂದು ಹಾಕಲೂ ಅಷ್ಟೇ ಸಾಕು! ಅಚ್ಚಾದದ್ದೆಲ್ಲ ಸತ್ಯವಲ್ಲ ಎಂದು ಅಚ್ಚು ಹಾಕುವವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಡಬ್ಬಿ ಮಾಡುವ ಕೆಲಸವಾದರೂ ಏನು? ‘12 ವೋಲ್ಟ್ ಪ್ಯಾನಲ್’ ಎಂದು ಮಾರುವ 36 ಕೋಶದ ಪ್ಯಾನಲ್ ಬಿಸಿಲಿನಲ್ಲಿ, ಏನೂ ಜೋಡಿಸದೆ ಇದ್ದಾಗ, 21-22 ವೋಲ್ಟ್ ತೋರಿಸುತ್ತದೆ. ತಡೆಯುವವರಿಲ್ಲದಿದ್ದರೆ ಬ್ಯಾಟರಿ ತುಂಬಿದ ಮೇಲೂ ಕರೆಂಟು ನುಗ್ಗುತ್ತಲೇ ಇರುತ್ತದೆ. ಒಳಗಿನ ನೀರು ಒಡೆದು ಹೈಡ್ರೋಜನ್, ಆಮ್ಲಜನಕವಾಗುತ್ತದೆ, ಫಲಕಗಳು ಸವೆಯುತ್ತವೆ. ಹೈಡ್ರೋಜನ್ ಕಿಡಿ ತಗುಲಿದರೆ ಸಿಡಿಯುವ ಅನಿಲ. ಇನ್ನೊಂದು ಕಡೆ, ಬ್ಯಾಟರಿ ಪೂರ್ತಿ ಬರಿದಾಗಿ ಹಾಗೇ ಬಿದ್ದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಮೇಲೂ ತಡೆಯಬೇಕು, ಕೆಳಗೂ ತಡೆಯಬೇಕು. ಇದೇ ಕಾವಲುಗಾರನ ಕೆಲಸ.

ಕಾವಲುಗಾರ ಕಳ್ಳನೋ ಸಾಚಾನೋ ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ಪಿಯುಸಿ ಓದಿದ ನನಗೆ ಸಾಧ್ಯವಾದದ್ದು ನಿಮಗೂ ಸಾಧ್ಯ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

ಮೊದಲು ಕಣ್ಣಿಗೆ ಕೆಲಸ ಕೊಡಿ. ನಿಜವಾದ ಎಂಪಿಪಿಟಿಯೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರಲೇಬೇಕು. ಹಾಗಾಗಿ ಅದು ಹಗುರವಾಗಿರುವುದಿಲ್ಲ, ಶಾಖ ಬಿಡಲು ಅಲ್ಯೂಮಿನಿಯಂ ಬೆನ್ನೂ ಬೇಕು. 30 ಆಂಪಿಯರ್ ಎಂದು ಬರೆದು, 2.5 ಚದರ ಮಿಲಿಮೀಟರ್ ತಂತಿಯೂ ಬಿಗಿಯಾಗಿ ತೂರುವ ಟರ್ಮಿನಲ್ ಕೊಟ್ಟಿದ್ದರೆ ಆ 30 ಸುಳ್ಳು.

ಎರಡನೆಯ ಪರೀಕ್ಷೆ ನಡು ಮಧ್ಯಾಹ್ನ, ಬ್ಯಾಟರಿ ಅರ್ಧ ಖಾಲಿ ಇದ್ದಾಗ. ಕಂಟ್ರೋಲರ್‌ನ ಪ್ಯಾನಲ್ ತುದಿಯಲ್ಲೂ ಬ್ಯಾಟರಿ ತುದಿಯಲ್ಲೂ ವೋಲ್ಟೇಜ್ ಅಳೆಯಿರಿ. ಬ್ಯಾಟರಿ 13, ಪ್ಯಾನಲ್ 17 ಆಸುಪಾಸು ಇದ್ದರೆ ಅದು ಎಂಪಿಪಿಟಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಅದು ಪಿಡಬ್ಲ್ಯುಎಂ, ಸ್ಟಿಕ್ಕರ್ ಏನೇ ಹೇಳಲಿ! ಪಿಡಬ್ಲ್ಯುಎಂ ಎಂಬುದೇ ಮೋಸವೆಂದಲ್ಲ. 36 ಕೋಶದ ಪ್ಯಾನಲ್, ನಾಲ್ಕು ದೀಪಕ್ಕೆ ಒಳ್ಳೆಯ ಪಿಡಬ್ಲ್ಯುಎಂ ಧಾರಾಳ ಸಾಕು. ಅದನ್ನೇ ಎಂಪಿಪಿಟಿ ಎಂದು ಮಾರುವುದು ಮೋಸ. 72 ಕೋಶದ ದೊಡ್ಡ ಪ್ಯಾನಲನ್ನು ಅದಕ್ಕೆ ಸಿಕ್ಕಿಸಿ 12 ವೋಲ್ಟ್ ಬ್ಯಾಟರಿ ತುಂಬಿಸಹೋದರೆ ಅರ್ಧಕ್ಕಿಂತ ಹೆಚ್ಚು ಬಿಸಿಲು ದಂಡ. ಡಬ್ಬಿಯ ವೋಲ್ಟೇಜ್ ಮಿತಿ ಮೀರಿದರೆ ಡಬ್ಬಿಯೂ ಭಸ್ಮ.

ಮೂರನೆಯದೇ ಪ್ರಾಣದ ಪ್ರಶ್ನೆ. ಒಳ್ಳೆಯ ಬಿಸಿಲಿನ ದಿನ, ದೀಪ ಫ್ಯಾನು ಹಾಕದೆ, ಬ್ಯಾಟರಿ ತುಂಬಲು ಬಿಡಿ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ 14.4 ವೋಲ್ಟ್ ಆಸುಪಾಸಿಗೆ ಏರಿ, ತುಂಬಿದ ಮೇಲೆ 13.5ರಿಂದ 13.8ಕ್ಕೆ ಇಳಿದು ನಿಲ್ಲಬೇಕು. ನೀರು ಹಾಕುವ ಬ್ಯಾಟರಿಗೆ ಅಪರೂಪಕ್ಕೊಮ್ಮೆ ಸ್ವಲ್ಪ ಹೆಚ್ಚು ಕೊಡುವ ಕಂಟ್ರೋಲರ್‌ಗಳುಂಟು, ಸರಿ. ಆದರೆ ದಿನವೂ ಗಂಟೆಗಟ್ಟಲೆ 15 ದಾಟಿ ನಿಂತರೆ ಆ ಡಬ್ಬಿಯನ್ನು ಕಿತ್ತೆಸೆಯಿರಿ. ಸೀಲ್ ಮಾಡಿದ ಬ್ಯಾಟರಿಗೆ ಆ ಅಪರೂಪದ ಹೆಚ್ಚುವರಿಯೂ ಕೂಡದು. ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ ಬೇರೆ ಸೆಟ್ಟಿಂಗ್ ಇರಬೇಕು, 14.6 ದಾಟಬಾರದು. ಬ್ಯಾಟರಿ ಕಂಪನಿಯ ಹಾಳೆಯಲ್ಲಿರುವ ಅಂಕಿಯೇ ಅಂತಿಮ. ಸೆಖೆ ಹೆಚ್ಚಿದಂತೆ ಲೆಡ್ ಆಸಿಡ್‌ಗೆ ಕೊಡುವ ವೋಲ್ಟೇಜ್ ಇಳಿಯಬೇಕು, 10 ಡಿಗ್ರಿಗೆ ಸುಮಾರು ಕಾಲು ವೋಲ್ಟ್. ರಾಯಚೂರು, ಕಲಬುರಗಿಯವರು ತಾಪ ನೋಡಿ ತಗ್ಗಿಸುವ ಕಂಟ್ರೋಲರನ್ನೇ ಕೇಳಿ ತಗೊಳ್ಳಿ.

ನಾಲ್ಕನೆಯದು ರಾತ್ರಿಯ ಪರೀಕ್ಷೆ. ಕಂಟ್ರೋಲರ್‌ನ ಲೋಡ್ ತುದಿಯಿಂದ ದೀಪ ಉರಿಯಲಿ. ಲೆಡ್ ಆಸಿಡ್ ಬ್ಯಾಟರಿ 11 ವೋಲ್ಟ್ ಆಸುಪಾಸಿಗೆ ಇಳಿದಾಗ ಅದೇ ದೀಪ ಆರಿಸಬೇಕು. 10.5 ಆದರೂ ಉರಿಸುತ್ತಿದ್ದರೆ ಅದು ಕಾವಲುಗಾರನಲ್ಲ, ಕೊಲೆಗಾರ!

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿ ಹತ್ತಿರ ಒಂದು ಫ್ಯೂಸ್ ಇರಲಿ.

ಇಷ್ಟನ್ನು ಆ ಡಬ್ಬಿಯ ಜೊತೆಗಿನ ಚೀಟಿಯೇ ಹೇಳಬೇಕಿತ್ತು. ನನಗೆ ಸಿಕ್ಕ ಚೀಟಿಯಲ್ಲಿ ಚೀನೀ ಭಾಷೆ ಇತ್ತು, ಹರಕು ಇಂಗ್ಲಿಷ್ ಇತ್ತು. ಕನ್ನಡ? ಹುಡುಕಿದರೂ ಇಲ್ಲ! 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಬೆಲೆ ಪೊಟ್ಟಣದ ಮೇಲಿರಬೇಕು. ಭಾಷೆ? ಹಿಂದಿ ಅಥವಾ ಇಂಗ್ಲಿಷ್. ಬೇರೆ ಭಾಷೆಯನ್ನು ‘ಜೊತೆಗೆ ಹಾಕಬಹುದು’ ಅಷ್ಟೆ. ಕಾಸು ಕನ್ನಡಿಗನದು, ಸುಡುವ ಬ್ಯಾಟರಿ ಕನ್ನಡಿಗನದು, ಎಚ್ಚರಿಕೆಯ ಮಾತು ಮಾತ್ರ ಅವನಿಗೆ ತಿಳಿಯದ ಭಾಷೆಯಲ್ಲಿ. ಇದು ಯಾವ ನ್ಯಾಯ ಸ್ವಾಮಿ? ಕನ್ನಡ ಹಾಕಬಾರದೆಂದು ಕಾನೂನು ಹೇಳಿಲ್ಲ. ಹಾಕಲೇಬೇಕೆನ್ನುವಂತೆ ಮಾಡಿಸುವುದು ನಮ್ಮ ಕೆಲಸ.

ಅಲ್ಲಿಯವರೆಗೆ ಇಷ್ಟು ಮಾಡಿ. ಆಮದುದಾರನ ವಿಳಾಸವಿಲ್ಲದ ಡಬ್ಬಿ ಮುಟ್ಟಬೇಡಿ. ಬಿಲ್ ಇಲ್ಲದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಬಿಲ್ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಮತ್ತೆ, ಬ್ಯಾಟರಿ ಇಟ್ಟ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ಬ್ಯಾಟರಿಯ ಮೇಲಿನ ಮಿತಿ, ಕೆಳಗಿನ ಮಿತಿ, ಎರಡು ಅಂಕಿ ಬರೆದಿಡಿ. ಕನ್ನಡದ ಅಂಕಿಯಲ್ಲೇ ಬರೆಯಿರಿ. ಮೀಟರ್ ಸುಳ್ಳು ಹೇಳುವುದಿಲ್ಲ. ಸ್ಟಿಕ್ಕರ್ ಹೇಳುತ್ತದೆ.