ಸಾಲ ಮಾಡಿ ಓದಿದವಳಿಗೆ ಹುದ್ದೆ ಕೊಡಿ

ಯಾದಗಿರಿ ಜಿಲ್ಲೆಯ ಶಿರವಾಳದ ಗುಡಿಗಳನ್ನು ನೋಡಲು ಇತಿಹಾಸ ಬಲ್ಲವರು ಬರುತ್ತಾರೆ. ಇದು ರಾಷ್ಟ್ರಕೂಟರ ಕಾಲದ್ದು, ಇದು ಚಾಲುಕ್ಯರ ಕಾಲದ್ದು ಎಂದು ಕಂಬ ಕಂಬವನ್ನೂ ಬರೆದುಕೊಂಡು ಹೋಗುತ್ತಾರೆ. ಬರಲಿ, ಬರೆಯಲಿ. ಅಂಥದೇ ಊರಿನ ಓಣಿಯೊಳಗೆ ಕಿವಿ ಕೇಳದ, ಮಾತು ತಡವಾದ, ಅಕ್ಷರ ಹತ್ತದ ಮಗುವಿನ ಮನೆ ಯಾವುದೆಂದು ಕೇಳಿಕೊಂಡು ಬರುವವರು ಯಾರು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಸಿಗಬೇಕು ಎಂದಿದೆ. ಹಕ್ಕು ಬರೆದದ್ದು ದೆಹಲಿ. ಕಲಿಸುವವರನ್ನು ತಯಾರು ಮಾಡುವ ಭಾರ ಬಿದ್ದದ್ದು ಯಾರ ಮೇಲೆ? ಶಹಾಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ, ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಅಪ್ಪ-ಅವ್ವನ ಮೇಲೆ.

ಇಂಥ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಅದರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಸುರಪುರದ ಹುಡುಗಿಗೆ ಅದು ಬಲು ದೂರ. ಅವಳ ಕೈಗೆಟುಕುವುದು ಬಾಡಿಗೆ ಮಹಡಿಯ ಮೇಲಿನ ಯಾವುದೋ ಸಣ್ಣ ಖಾಸಗಿ ಕಾಲೇಜು. ಎರಡು ವರ್ಷದ ವಿಶೇಷ ಬಿ.ಎಡ್.ಗೆ ಸಂಘದಲ್ಲಿ ಸಾಲ ಎತ್ತಬೇಕು, ಅವ್ವನ ಬೋರಮಾಳ ಅಡವಿಡಬೇಕು. ನನ್ನ ಸಿಟ್ಟು ಆ ಕಾಲೇಜುಗಳ ಮೇಲಲ್ಲ. ಸರ್ಕಾರ ಬಾಗಿಲು ತೆರೆಯದ ಕಡೆ ಬಾಗಿಲು ತೆರೆದವರು ಅವರೇ. ಮಾಡಬೇಕಾದವರು ಕೈ ತೊಳೆದುಕೊಂಡರಲ್ಲ, ಸಿಟ್ಟು ಅದಕ್ಕೆ.

ಆ ಹುಡುಗಿ ಏನು ಓದುತ್ತಾಳೆ ಗೊತ್ತೇ? ಒಂದೊಂದು ಮಗುವಿಗೂ ಬೇರೆ ಬೇರೆ ಕಲಿಕೆಯ ಯೋಜನೆ ಬರೆಯುವುದನ್ನು. ಅಂಗಿಯ ಗುಂಡಿ ಹಾಕುವಂಥ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ವಾರಗಟ್ಟಲೆ ತಾಳ್ಮೆಯಿಂದ ಕಲಿಸುವುದನ್ನು. ಬುದ್ಧಿ ಅಳೆಯುವ ಪರೀಕ್ಷೆಗಳ ಬಗೆಯನ್ನು. ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲಿ. ಅವರ ಹೆಸರಿನ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ತಾಂಡಾದ ಮನೆಯಲ್ಲಿ ಲಂಬಾಣಿ ಮಾತಾಡುವ, ಇನ್ನೊಂದು ಮನೆಯಲ್ಲಿ ಉರ್ದು ಮಾತಾಡುವ, ಮೂರನೆಯ ಮನೆಯಲ್ಲಿ ನಮ್ಮ ಸೀಮೆಯ ಕನ್ನಡವೊಂದನ್ನೇ ಕೇಳಿ ಬೆಳೆದ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಹಾಕಿ, ಉತ್ತರ ಬರಲಿಲ್ಲವೆಂದು ಬುದ್ಧಿ ಕಮ್ಮಿ ಎಂದು ಬರೆದರೆ ಅದು ಅನ್ಯಾಯ. ಜ್ವಾಳ ಯಾವಾಗ ಬಿತ್ತಬೇಕು, ಯಾವ ಆಡು ಗಬ್ಬಾಗಿದೆ ಎಂದು ಹೇಳಬಲ್ಲ ಹುಡುಗನ ಮೇಲೆ ಅಂಥ ಮುದ್ರೆ ಬೀಳದಂತೆ ತಡೆಯಬಲ್ಲವಳು ಅದೇ ಮಣ್ಣಿನಲ್ಲಿ ಬೆಳೆದ ಶಿಕ್ಷಕಿ. ಅದಕ್ಕೇ ಅವಳು ಇಲ್ಲೇ ಬೇಕು.

ಓದು ಮುಗಿದ ಮೇಲೆ? 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಅವಳು ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ಈ ವೃತ್ತಿ ಮಾಡಿದರೆ ಜೈಲಿಗೆ ಕಳಿಸುವ ಕಲಮೂ ಅದರಲ್ಲಿದೆ. ನೋಂದಣಿಯನ್ನು ಆಗಾಗ ನವೀಕರಿಸುತ್ತಲೂ ಇರಬೇಕು. ಅವಳಿಗೆ ಇಷ್ಟು ಕಟ್ಟಳೆ ಹಾಕಿದವರು ತಮಗೆ ಏನು ಕಟ್ಟಳೆ ಹಾಕಿಕೊಂಡರು? ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ಹೇಳಿತು: ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು. ರಾಜ್ಯಗಳು ಕದಲಲಿಲ್ಲ. 2025ರ ಮಾರ್ಚಿನಲ್ಲಿ, ಹುದ್ದೆ ಮಂಜೂರು ಮಾಡಿ ಪ್ರಕಟಿಸಿ ಎಂದು ಅದೇ ಕೋರ್ಟು ಮತ್ತೆ ಹೇಳಬೇಕಾಯಿತು.

ನಮ್ಮಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ನಿಜ. ಅವರ ನೇಮಕ ಬ್ಲಾಕಿಗೆ, ಒಂದು ಶಾಲೆಗಲ್ಲ. ಊರೂರು ತಿರುಗಬೇಕು, ಹಾಸಿಗೆ ಹಿಡಿದ ಮಗುವಿನ ಮನೆಗೂ ಹೋಗಬೇಕು, ವರದಿಯನ್ನೂ ಬರೆಯಬೇಕು. ದುಡಿಯುವ ಅವರನ್ನು ಮುಂದೆ ನಿಲ್ಲಿಸಿ ಖಾಲಿ ಜಾಗ ಮುಚ್ಚಿಕೊಳ್ಳುವುದು ನಾಚಿಕೆಗೇಡು.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿಯಲ್ಲೂ ಕೊನೆಯ ಸ್ಥಾನ. ಕಣ್ಣು, ಕಿವಿ ಚೆನ್ನಾಗಿರುವ ಮಕ್ಕಳ ಗತಿಯೇ ಇದಾದರೆ ಉಳಿದವರ ಗತಿಯನ್ನು ವಿಧಾನಸೌಧದಲ್ಲಿ ಕುಳಿತವರು ಒಮ್ಮೆ ಯೋಚಿಸಲಿ. ನಮ್ಮ ಸೀಮೆಯವರಿಗೆ ಹುದ್ದೆಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಕಲಮು ಕೊಟ್ಟಿದ್ದೇವೆ ಎನ್ನುತ್ತಾರೆ. ಹೋರಾಡಿ ಪಡೆದದ್ದು ಅದು, ಯಾರ ದಾನವೂ ಅಲ್ಲ. ಹುದ್ದೆಯೇ ಹುಟ್ಟದಿದ್ದರೆ ಮೀಸಲಾತಿ ಯಾವುದರಲ್ಲಿ ಕೊಡುತ್ತೀರಿ? ಸೊನ್ನೆಯಲ್ಲಿ ನಮ್ಮ ಪಾಲೆಷ್ಟು?

ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಘೋಷಣೆಯಾಗುತ್ತದೆ. ಅದರಿಂದಲೇ ತೆಗೆಯಿರಿ. ಯಾದಗಿರಿಯಲ್ಲಿ ಫೀಸಿಲ್ಲದ ಸರ್ಕಾರಿ ವಿಶೇಷ ಶಿಕ್ಷಣ ಕಾಲೇಜು ತೆರೆಯಿರಿ. ಶಹಾಪುರ, ಸುರಪುರದ ಪ್ರತಿ ಕ್ಲಸ್ಟರಿಗೆ ಕಾಯಂ ಹುದ್ದೆ ಮಂಜೂರು ಮಾಡಿ. ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಓದಿ ಮನೆಯಲ್ಲಿ ಕುಳಿತವರನ್ನು ಮೊದಲು ಕರೆಯಿರಿ, ಅವರ ಸಾಲ ತೀರಿಸಿ. ಗೌರವಧನದ ಮಾತು ಬೇಡ, ಸಂಬಳ ಕೊಡಿ.