ಓದದೆಯೂ ಕಾವಲು ಕಾಯಬಹುದು

ಬ್ಯಾಂಕಿನಿಂದಲೋ ಅಂಗಡಿಯಿಂದಲೋ ಬಂದ ಎಸ್ಸೆಮ್ಮೆಸ್‌ ಒಂದನ್ನು ತೆರೆದು ನೋಡಿ. ಕಳಿಸಿದವರ ಹೆಸರಿನ ತುದಿಯಲ್ಲಿ ಪಿ, ಎಸ್, ಟಿ, ಜಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲೊಂದು ಇರುತ್ತದೆ. ಪಿ ಜಾಹೀರಾತಿಗೆ, ಎಸ್ ಸೇವೆಗೆ, ಟಿ ವಹಿವಾಟಿಗೆ, ಜಿ ಸರ್ಕಾರಕ್ಕೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ನಿಯಮಕ್ಕೆ 2025ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯಿಂದ ಬಂದ ಗುರುತಿದು. ಇದರ ಹಿಂದೆ ದುಡಿಯುತ್ತಿರುವುದು ಬ್ಲಾಕ್‌ಚೈನ್ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಬ್ಲಾಕ್‌ಚೈನ್ ಎಂದರೆ ಹಲವರು ಹಂಚಿಕೊಂಡು ನಡೆಸುವ ಲೆಕ್ಕದ ಪುಸ್ತಕ. ಬಿಟ್‌ಕಾಯಿನ್‌ನ ಪುಸ್ತಕಕ್ಕೆ ಯಾರು ಬೇಕಾದರೂ ಸೇರಬಹುದು. ಇಲ್ಲಿ ಹಾಗಲ್ಲ; ಅನುಮತಿ ಪಡೆದವರಿಗೆ ಮಾತ್ರ ಪ್ರವೇಶ. ಟ್ರಾಯ್ 2018ರಲ್ಲಿ ಹೊರಡಿಸಿದ ನಿಯಮದಂತೆ ಟೆಲಿಕಾಂ ಕಂಪನಿಗಳು ಈ ಪುಸ್ತಕವನ್ನು ಹಂಚಿಕೊಂಡು ನಡೆಸುತ್ತವೆ. ಬರೆದದ್ದನ್ನು ಒಬ್ಬರೇ ಗುಟ್ಟಾಗಿ ತಿದ್ದಲಾಗದು.

ಅದಕ್ಕೂ ಮೊದಲು ಒಂದು ವಿಪರ್ಯಾಸವಿತ್ತು. 2010ರ ನಿಯಮದಡಿ, ‘ನಮಗೆ ಜಾಹೀರಾತು ಬೇಡ’ ಎಂದವರ ನಂಬರುಗಳ ಪಟ್ಟಿಯನ್ನು ಟೆಲಿಮಾರ್ಕೆಟರ್‌ಗಳೇ ಇಳಿಸಿಕೊಳ್ಳುತ್ತಿದ್ದರು. ಕಾಟ ಬೇಡವೆಂದವರ ನಂಬರು ಕಾಟ ಕೊಡುವವರ ಕೈಯಲ್ಲೇ! ಈಗ ತಾಳೆ ನೋಡುವ ಕೆಲಸ ಟೆಲಿಕಾಂ ವ್ಯವಸ್ಥೆಯೊಳಗೇ ನಡೆಯುತ್ತದೆ. ಇದಕ್ಕೆ ಸ್ಕ್ರಬ್ಬಿಂಗ್ ಎನ್ನುತ್ತಾರೆ. ಸಂದೇಶದ ಒಕ್ಕಣೆಯನ್ನೂ ಟೆಂಪ್ಲೇಟ್ ಆಗಿ ಮೊದಲೇ ನೋಂದಾಯಿಸಬೇಕು. ಒಟಿಪಿ, ಹಣದ ಮೊತ್ತ ಇತ್ಯಾದಿ ಬದಲಾಗುವ ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ. ಒಕ್ಕಣೆ ಹೊಂದಿದರೆ ಸಂದೇಶ ಮುಂದಕ್ಕೆ, ಇಲ್ಲವಾದರೆ ಅಲ್ಲೇ ತಡೆ. 2021ರ ಮಾರ್ಚ್‌ನಲ್ಲಿ ಈ ತಪಾಸಣೆ ಬಿಗಿಯಾದಾಗ ದೇಶದಾದ್ಯಂತ ಒಟಿಪಿಗಳು ತಲುಪದೆ, ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು.

ನಿಗಾ ಇಡುವವರು ಎಲ್ಲವನ್ನೂ ನೋಡಲೇಬೇಕಿಲ್ಲ ಎಂಬುದೇ ಇಲ್ಲಿನ ಮುಖ್ಯ ತತ್ತ್ವ. ಆದರೆ ಅದು ಉಳಿಯುವುದೂ ಅಳಿಯುವುದೂ ವಿವರಗಳಲ್ಲಿ. ಇಂಥ ವ್ಯವಸ್ಥೆಗಳಲ್ಲಿ ನಂಬರಿನ ಗೋಪ್ಯತೆಯ ಬಗ್ಗೆ ಕೇಳಿದಾಗಲೆಲ್ಲ ಸಿಗುವ ಸಿದ್ಧ ಉತ್ತರ: ‘ನಂಬರನ್ನು ಹ್ಯಾಶ್ ಮಾಡಿ ಇಟ್ಟಿದ್ದೇವೆ’. ಹ್ಯಾಶ್ ಎಂದರೆ ಹಿಂದಕ್ಕೆ ಬಿಡಿಸಲಾಗದಂತೆ ನಂಬರನ್ನು ಇನ್ನೊಂದು ಅಂಕಿ-ಅಕ್ಷರಗಳ ಸಾಲಾಗಿ ಮಾರ್ಪಡಿಸುವುದು. ಬಿಡಿಸಲಾಗದು ನಿಜ, ಊಹಿಸಬಹುದಲ್ಲ? ನಮ್ಮ ಮೊಬೈಲ್ ನಂಬರು ಹತ್ತೇ ಅಂಕಿ. ಮೊದಲನೆಯದು 6ರಿಂದ 9ರೊಳಗೆ. ಒಟ್ಟು ಸಾಧ್ಯತೆ 400 ಕೋಟಿ. ಅಷ್ಟಕ್ಕೂ ಹ್ಯಾಶ್ ಹಾಕಿ ಹೋಲಿಸುವುದು ಇಂದಿನ ಕಂಪ್ಯೂಟರಿಗೆ ಕೆಲವೇ ನಿಮಿಷಗಳ ಕೆಲಸ. ಹಾಗಾಗಿ ಗುಪ್ತ ಕೀಲಿ ಬೆರೆಸದ ಹ್ಯಾಶ್ ಬರೀ ತೋರಿಕೆಯ ಮುಸುಕು.

ಇನ್ನೊಂದು ತೊಡಕು ಕಾನೂನಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ಅಳಿಸಿಹಾಕಿಸುವ ಹಕ್ಕು ಕೊಟ್ಟಿದೆ. ಅಳಿಸಲಾಗದ್ದೇ ಬ್ಲಾಕ್‌ಚೈನಿನ ಹೆಗ್ಗಳಿಕೆ. ಎರಡೂ ಒಟ್ಟಿಗೆ ಬಾಳಬೇಕಾದರೆ ವೈಯಕ್ತಿಕ ವಿವರ ಹೊರಗೆ, ಅಳಿಸಬಹುದಾದ ಕಡೆ ಇರಬೇಕು. ಪುಸ್ತಕದಲ್ಲಿ ಅದರ ಪುರಾವೆಯಷ್ಟೇ ಉಳಿಯಬೇಕು.

ಬ್ಲಾಕ್‌ಚೈನ್ ಎಂಬ ಹೆಸರು ಕೇಳಿದ ಮಾತ್ರಕ್ಕೆ ಗುಟ್ಟು ಭದ್ರವೆಂದು ನಂಬಬೇಡಿ. ಕೀಲಿ ಯಾರ ಬಳಿ ಇದೆ, ಅದನ್ನು ಬಳಸಿದ್ದಕ್ಕೆ ಲೆಕ್ಕ ಕೇಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಬಹಿರಂಗ ಉತ್ತರ ಕೊಡುವ ವ್ಯವಸ್ಥೆಯನ್ನು ಮಾತ್ರ ನಂಬಿ.