ಡೊಮೈನ್ ಬಳಗದ ಹೆಸರಿಗೇ ಬರಲಿ

ನಮ್ಮ ಜಾಲತಾಣದ ಡೊಮೈನ್ ಒಬ್ಬರ ಹೆಸರಿನಲ್ಲಿರುವುದು ಬೇಡ, ಬಳಗದ ಹೆಸರಿಗೆ ಬರಲಿ, ಮೂವರಿಗಾದರೂ ಅದರ ಲಾಗಿನ್ ಇರಲಿ ಎಂದು ನಾನು ಕೇಳಿದ್ದಕ್ಕೆ ಬಂದ ಆಕ್ಷೇಪಗಳಿಗೆ ಈ ಉತ್ತರ.

ಇಷ್ಟು ವರ್ಷ ಕೈಯಿಂದ ದುಡ್ಡು ಹಾಕಿದವರ ಮೇಲೆ ಇದು ಅಪನಂಬಿಕೆ ಎಂದಿದ್ದೀರಿ. ಖಂಡಿತ ಅಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇಟ್ಟಾಗ ನಾವು ಖಜಾಂಚಿಯನ್ನು ಅನುಮಾನಿಸಿರಲಿಲ್ಲ. ಡೊಮೈನ್‌ಗೆ ಕೈಯಿಂದ ಹಾಕಿದವರ ಹಣವನ್ನು ಬಳಗ ಲೆಕ್ಕ ಹಾಕಿ ಕೊಡಲಿ. ಆ ಋಣ ನಮ್ಮ ಮೇಲಿದೆ.

'ಇಲ್ಲಿವರೆಗೆ ಏನೂ ಆಗಿಲ್ಲವಲ್ಲ' ಎನ್ನುವವರು ಸೆಂಟ್‌ಓಎಸ್‌ಗೆ ಆದದ್ದನ್ನು ನೋಡಬೇಕು. ಎಷ್ಟೋ ದೇಶಗಳ ಸರ್ವರ್‌ಗಳಲ್ಲಿ ಓಡುತ್ತಿದ್ದ ಆ ಲಿನಕ್ಸನ್ನು ಕಟ್ಟುತ್ತಿದ್ದವರು ಸ್ವಯಂಸೇವಕರು. ಡೊಮೈನ್ ಮಾತ್ರ ಸ್ಥಾಪಕರಲ್ಲೊಬ್ಬರ ಹಿಡಿತದಲ್ಲಿತ್ತು, ಅವರೋ ಕೈಗೆ ಸಿಗುತ್ತಿರಲಿಲ್ಲ. 2009ರ ಜುಲೈ ಕೊನೆಗೆ ಉಳಿದವರು ಅವರಿಗೆ ಬಹಿರಂಗ ಪತ್ರವನ್ನೇ ಬರೆದರು. ಕೆಲವೇ ದಿನಗಳಲ್ಲಿ ವಿಷಯ ಬಗೆಹರಿಯಿತು, ನಿಜ. ಆದರೆ ಜೊತೆಗೆ ದುಡಿದ ಗೆಳೆಯರಿಗೆ ಊರೆಲ್ಲ ಓದುವಂಥ ಪತ್ರ ಬರೆಯುವ ಸ್ಥಿತಿ ನಮಗೆ ಬರಬಾರದು.

ಡೊಮೈನ್ ನೋಂದಣಿ ಫಾರ್ಮಿನಲ್ಲಿ ಇಬ್ಬರು ಒಡೆಯರಿಗೆ ಜಾಗವಿಲ್ಲ ಎಂಬುದು ಸರಿ. ಸಂಸ್ಥೆಯ ಹೆಸರಿಗೆ ಜಾಗವಿದೆ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಜನ ಸಾಕು. ನಮ್ಮ ಸಭೆಗೇ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಈ ದಾರಿ ಹೊಸದೂ ಅಲ್ಲ: ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ಗೆ ಬರುವ ದೇಣಿಗೆ ಪಡೆಯಲು 1997ರಲ್ಲೇ ಒಂದು ಲಾಭರಹಿತ ಸಂಸ್ಥೆ ಹುಟ್ಟಿತು.

ನಮ್ಮ ಸಂಘ ನೋಂದಣಿಯಾಗುವವರೆಗೆ ಕನಿಷ್ಠ ಇಮೇಲ್ ಬದಲಾಗಲಿ. ನವೀಕರಣದ ನೆನಪೋಲೆ ಈಗ ಒಬ್ಬರ ಖಾಸಗಿ ಇಮೇಲ್‌ಗೆ ಹೋಗುತ್ತಿದೆ. ಅದರ ಬದಲು ನಮ್ಮದೇ ಡೊಮೈನ್‌ನ ವಿಳಾಸ ಕೊಡೋಣ ಎಂಬ ಸಲಹೆಯೂ ಬಂದಿದೆ. ಅದು ಇನ್ನೂ ಅಪಾಯ. ಅವಧಿ ಮುಗಿದು ಡೊಮೈನ್ ನಿಂತ ದಿನವೇ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆ ಯಾರಿಗೂ ಮುಟ್ಟುವುದಿಲ್ಲ. ಡಾಟ್ ಆರ್ಗ್ ಹೆಸರು ರದ್ದಾದ ಮೇಲೆ ಹೆಚ್ಚುವರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ ಸಿಗುತ್ತದೆ. ಆಮೇಲೆ ಐದು ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ವರ್ಷಗಟ್ಟಲೆ ನಾವು ಹಂಚಿದ ಕರಪತ್ರಗಳಲ್ಲೆಲ್ಲ ಇರುವ ವಿಳಾಸ ಆಗ ಯಾವುದೋ ಜೂಜಿನ ಪುಟಕ್ಕೆ ಹೋಗಬಹುದು.

ಪಾಸ್‌ವರ್ಡ್ ಹಲವರ ಕೈಗೆ ಹೋದರೆ ಕಷ್ಟ ಎಂಬ ಭಯ ನನಗೂ ಇದೆ. ಒಂದೇ ಪಾಸ್‌ವರ್ಡನ್ನು ಹಂಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಡುವ ನೋಂದಣಿ ಕಂಪನಿಗಳಿವೆ, ಅಂಥ ಒಂದಕ್ಕೆ ಡೊಮೈನನ್ನು ವರ್ಗಾಯಿಸೋಣ. ಈಗ ಓಟಿಪಿ ಬರುವುದು ಒಂದೇ ಫೋನಿಗೆ. ಆ ಫೋನ್ ಕಳೆದುಹೋದರೆ ಬಳಗದ ಯಾರೊಬ್ಬರೂ ಒಳಗೆ ಹೋಗಲಾಗದು.